ನೆಗೆಯುವ ಮೀನೂ ಗಾಜಿನ ತೊಟ್ಟಿಯೂ

ಉಣಕಲ್ ಕೆರೆಯ ದಂಡೆಯಲ್ಲಿ ನಿಂತರೆ ಮೀನು ಚಿಮ್ಮಿ ಮತ್ತೆ ನೀರಿಗೇ ಬೀಳುವುದನ್ನು ನಾವು ಕಾಣಬಹುದು. ಗಾಜಿನ ತೊಟ್ಟಿಯಿಂದ ನೆಗೆದ ಮೀನಾದರೋ ನೆಲಕ್ಕೆ ಬೀಳುವುದು. ನೀರಿನಲ್ಲಿ ಬಿಡಿಬಿಡಿಯಾಗಿದ್ದ ಕಿವಿರಿನ ಎಳೆಗಳು ಗಾಳಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಅದರ ಉಸಿರು ಕಟ್ಟುವುದು.

ಬೆದರಿಕೆ, ಕೀಟಗಳ ಬೇಟೆ, ಕೆಟ್ಟ ನೀರು ಇವು ನೆಗೆತಕ್ಕೆ ಮುಖ್ಯ ಕಾರಣಗಳು. ಆದುದರಿಂದ ತೊಟ್ಟಿಗೆ ಮುಚ್ಚಳವು ಅವಶ್ಯ. ಆದರೆ ಹಾವಿನಂತಹ ತಲೆಯುಳ್ಳ ಕೊರವ ಮೀನನ್ನು ಸಾಕುವಾಗ ಇಷ್ಟೇ ಸಾಲದು. ಅದರ ಕಿವಿರುಗಳ ಮೇಲ್ಗಡೆ ಗಾಳಿಯಿಂದಲೇ ಆಮ್ಲಜನಕವನ್ನು ಹೀರುವ ಕೋಶವುಂಟು. ಮೇಲೆ ಬಂದು ಗಾಳಿಯನ್ನು ನುಂಗಲು ಎಡೆಯಿಲ್ಲದಿದ್ದರೆ, ಮೀನಾಗಿದ್ದೂ ಅದು ನೀರಿನಲ್ಲೇ ಉಸಿರುಕಟ್ಟಿ ಸಾಯುವುದು! ಆದಕಾರಣ ತೊಟ್ಟಿಯನ್ನು ಅಂಚಿನವರೆಗೆ ತುಂಬದೆ, ನಾಲ್ಕು ಬೆರಳಿನಷ್ಟು ಬರಿದು ಬಿಟ್ಟು, ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಕಟ್ಟಬೇಕು.