ಊರು ಬಿಡುವ ಮೊದಲು ಕೋರ್ಟಿಗೆ ಹೋಗು

ಮಗೂ, ಅಂಗಡಿ ಮುಚ್ಚಿದ ಮೇಲೆ ನೀನು ಫೋನ್ ತೆಗೆಯುವುದನ್ನೇ ಬಿಟ್ಟಿದ್ದೀಯ, ಊರು ಬಿಟ್ಟು ಹೋಗುವ ಮಾತಾಡುತ್ತೀಯ ಎಂದು ನಿನ್ನ ಅಮ್ಮ ಅತ್ತಳು. ಅದೊಂದನ್ನು ಮಾಡಬೇಡ. ಪಾಪರ್ ಆದನೆಂದು ಜನ ಆಡಿಕೊಂಡರೆ ಆಡಿಕೊಳ್ಳಲಿ. ಸಾಲ ತೀರಿಸುವ ಶಕ್ತಿ ಇಲ್ಲವೆಂದು ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ದಾರಿಯನ್ನು 1920ರ ಪ್ರಾಂತೀಯ ದಿವಾಳಿ ಕಾಯ್ದೆ ತೆರೆದಿಟ್ಟಿದೆ. 2016ರ ಹೊಸ ದಿವಾಳಿ ಸಂಹಿತೆ ನಿನ್ನಂಥವರ ಮಟ್ಟಿಗೆ ಇನ್ನೂ ಜಾರಿಗೆ ಬಂದಿಲ್ಲ, ಹಳೆಯದೇ ನಡೆಯುತ್ತದೆ.

ಅರ್ಜಿ ಕೊಟ್ಟ ದಿನವೇ ಎಲ್ಲರ ಬಾಯಿ ಮುಚ್ಚುವುದಿಲ್ಲ. ನೀನು ದಿವಾಳಿ ಎಂದು ಕೋರ್ಟು ಆದೇಶ ಮಾಡಿದ ಮೇಲೆ ನಿನ್ನ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕೋರ್ಟಿನ ಅನುಮತಿಯಿಲ್ಲದೆ ಆ ಸಾಲಗಳಿಗಾಗಿ ಯಾರೂ ನಿನ್ನ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದಲೂ ರಕ್ಷಣೆ ಕೇಳಬಹುದು. ಕೈಯಲ್ಲಿ ನಿಜವಾಗಿ ಇಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವುದು ತಪ್ಪೆಂದು ಸುಪ್ರೀಂ ಕೋರ್ಟ್ 1980ರಲ್ಲೇ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ.

ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆಂಬ ಭಯವೂ ಬೇಡ. ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ನಿನ್ನ ಹೆಂಡತಿಯ ಕೊರಳಿನ ತಾಳಿ, ಕಸುಬುದಾರನ ಉಪಕರಣ, ರೈತನಾದರೆ ಎತ್ತು, ನೇಗಿಲು, ಬಿತ್ತನೆ ಬೀಜ, ಇವನ್ನು ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಬರೆದವರಿಗೆ ಮನುಷ್ಯ ಮತ್ತೆ ದುಡಿದು ತಿನ್ನಬೇಕೆಂಬ ಅರಿವಿತ್ತು, ಅದಕ್ಕೇ ನನಗೆ ಆ ಕಲಂ ಮೇಲೆ ಗೌರವ.

ಆದರೆ ಅಡವಿಟ್ಟ ಮನೆಯೂ ಗಿರವಿಯಿಟ್ಟ ಚಿನ್ನವೂ ಇದರಿಂದ ಉಳಿಯುವುದಿಲ್ಲ. ಸರ್ಕಾರದ ಬಾಕಿಯೂ ಮೋಸದಿಂದ ಮಾಡಿದ ಸಾಲವೂ ಬಿಟ್ಟುಹೋಗುವುದಿಲ್ಲ. ಸೈಟನ್ನು ತಮ್ಮನ ಹೆಸರಿಗೆ ಮಾಡಿಬಿಡು ಎಂದು ಯಾರೋ ಬುದ್ಧಿ ಹೇಳಿದರಂತಲ್ಲ, ಅದನ್ನು ಕಿವಿಗೇ ಹಾಕಿಕೊಳ್ಳಬೇಡ. ಅಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಲ್ಲದು, ಆಸ್ತಿ ಮುಚ್ಚಿಟ್ಟರೆ ಶಿಕ್ಷೆಯೂ ಉಂಟು. ಪ್ರಾಮಾಣಿಕವಾಗಿ ಸೋತವನಿಗಷ್ಟೇ ಈ ರಕ್ಷಣೆ. ಇನ್ನು, ಋಣದಿಂದ ಬಿಡುಗಡೆ ಕೇಳಲು ಕೋರ್ಟು ಕೊಡುವ ಗಡುವನ್ನು ಮೀರಬೇಡ, ಮೀರಿದರೆ ಆದೇಶವೇ ರದ್ದಾದೀತು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗು. ಹೋಗುವ ಮುನ್ನ ಕೂತು ಯಾರಿಗೆ ಎಷ್ಟು ಕೊಡಬೇಕೆಂದು ಬರಿ, ಕೈಸಾಲವನ್ನೂ ಬಿಡಬೇಡ. ಜಾಮೀನು ನಿಂತ ನಿನ್ನ ಭಾವನಿಗೆ ನೀನೇ ಹೋಗಿ ತಿಳಿಸು. ನಿನಗೆ ಬಿಡುಗಡೆ ಸಿಕ್ಕರೂ ಅವನ ಜಾಮೀನು ಹಾಗೇ ಇರುತ್ತದೆ, ಈ ಸುದ್ದಿ ಅವನಿಗೆ ಬೇರೆಯವರ ಬಾಯಿಂದ ಮುಟ್ಟಬಾರದು.