ಗುರುಗಳು ಬಾರದ ಭಾನುವಾರಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು ಇರುವ ಕಥೋಲಿಕ ಮನೆಗಳಿಗೆ ಉಪದೇಶಿಯಾಗಿ ಓಡಾಡುತ್ತಲೇ ನನ್ನ ತಲೆ ನರೆತಿದೆ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲೇ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಅವರಲ್ಲೂ ಬಹಳಷ್ಟು ಮಂದಿ ಕರಾವಳಿ ಮತ್ತು ಬೆಂಗಳೂರಿನವರು. ಕಲಬುರಗಿ, ಬೀದರ ಸೀಮೆಯಲ್ಲಿ ಕ್ರೈಸ್ತರೆಂದರೆ ಜನಕ್ಕೆ ಮೊದಲು ನೆನಪಾಗುವವರು ಮೆಥೋಡಿಸ್ಟರು. ನಾವು ಆ ಕೆಲವರಲ್ಲಿ ಕೆಲವರು. ಕಲಬುರಗಿ ಬಳ್ಳಾರಿಯಿಂದ ಬೇರೆಯಾಗಿ ಸ್ವತಂತ್ರ ಧರ್ಮಪ್ರಾಂತ್ಯವಾದದ್ದು 2005ರ ಜೂನ್ 24ರಂದು, ರಾಬರ್ಟ್ ಮೈಕಲ್ ಮಿರಾಂದ ಅದರ ಮೊದಲ ಬಿಷಪ್. ಆದರೂ ಹಳ್ಳಿಗಳಿಗೆ ಗುರುಗಳು ಪ್ರತಿ ಭಾನುವಾರ ಬರಲಾಗುವುದಿಲ್ಲ. ದಾರಿ ದೂರ, ಮನೆಗಳು ಚದುರಿವೆ.

ದೊಡ್ಡ ಊರುಗಳಿಂದ ಬರುವ ಉಪನ್ಯಾಸಕರು ದೇವರನ್ನು ಮರೆತ ಲೋಕದ ಬಗ್ಗೆ ಎಚ್ಚರಿಸುತ್ತಾರೆ. ನಮ್ಮ ಸೀಮೆ ದೇವರನ್ನು ಮರೆತಿಲ್ಲ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಭೀಮಾ ದಂಡೆಯ ಗಾಣಗಾಪುರದಲ್ಲಿ ದತ್ತನ ಭಕ್ತರು ಇವತ್ತಿಗೂ ಮನೆಮನೆಗೆ ಹೋಗಿ ಮಧುಕರಿ ಬೇಡುತ್ತಾರೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಹೊಸ ಕಾಲ ನಮ್ಮಲ್ಲಿ ದೇವರಿಲ್ಲ ಎನ್ನುತ್ತ ಬರುವುದಿಲ್ಲ. ಪುಣೆಯ ಕಟ್ಟಡದ ಕೆಲಸ, ಕಲಬುರಗಿಯ ಕೋಚಿಂಗ್ ತರಗತಿ, ಕೈಯಲ್ಲಿನ ಫೋನು ಇವುಗಳ ಮೂಲಕ ಬಂದು, ದಿನದ ಹೊತ್ತುಗಳನ್ನೆಲ್ಲ ಒಂದೊಂದಾಗಿ ತೆಗೆದುಕೊಳ್ಳುತ್ತದೆ. ಇದನ್ನು ನೋಡುತ್ತ ನಾನು ಕಲಿತದ್ದು ಹೀಗಿದೆ.

1. ಪ್ರಾರ್ಥನೆಗೆ ಹೊತ್ತು ಗೊತ್ತಿರಬೇಕು

ದೀಪ ಹಚ್ಚುವ ಹೊತ್ತಿಗೆ ಜಪಸರ ಹಿಡಿಯುವ ಮನೆಗಳಲ್ಲಿ ಮಕ್ಕಳು ದೊಡ್ಡವರಾದ ಮೇಲೂ ಪ್ರಾರ್ಥನೆ ಉಳಿದಿದೆ. ‘ಪುರುಸೊತ್ತಾದಾಗ ಮಾಡ್ತೀವ್ರಿ’ ಎಂದ ಮನೆಗಳಲ್ಲಿ ಅದು ಯಾವಾಗ ನಿಂತಿತೆಂದು ಮನೆಯವರಿಗೇ ತಿಳಿಯದು. ಐದೂ ರಹಸ್ಯಗಳನ್ನು ಹೇಳಿಯೇ ತೀರಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಶನಿವಾರ ಒಂದೇ ದಿನ ಇಡೀ ಜಪಸರ ಮುಗಿಸುವುದಕ್ಕಿಂತ ದಿನಾ ಒಂದು ಹತ್ತು ಮಣಿ ಮೇಲು. ಹೊಲದಿಂದ ದಣಿದು ಬಂದವರು ಅಷ್ಟನ್ನು ಕೂತೇ ಹೇಳಲಿ. ಮುಂದಾಳಾಗಿ ಹೇಳುವ ಕೆಲಸ ಮಾತ್ರ ಮಕ್ಕಳದ್ದಾಗಬೇಕು. ಕೇಳಿಸಿಕೊಂಡ ಮಂತ್ರ ಮರೆತುಹೋಗುತ್ತದೆ, ಹೇಳಿಕೊಟ್ಟದ್ದು ಮರೆಯುವುದಿಲ್ಲ.

2020ರ ಮಾರ್ಚಿನಲ್ಲಿ ಇದರ ಬೆಲೆ ಗೊತ್ತಾಯಿತು. ದೇಶದಲ್ಲಿ ಕೊರೊನಾದಿಂದ ಮೊದಲ ಸಾವಾದದ್ದು ನಮ್ಮ ಕಲಬುರಗಿಯಲ್ಲೇ. ಚರ್ಚುಗಳು ಮುಚ್ಚಿದವು, ಏಪ್ರಿಲ್ 12ರ ಈಸ್ಟರ್ ಬಾಗಿಲು ಹಾಕಿದ ಮನೆಗಳಲ್ಲೇ ಕಳೆಯಿತು. ನೆಟ್‌ವರ್ಕ್ ಸಿಕ್ಕವರು ಫೋನಿನಲ್ಲಿ ಬಲಿಪೂಜೆ ನೋಡಿದರು. ಅದು ಸಿಗದ ಊರುಗಳಲ್ಲಿ, ದಿನವೂ ಪ್ರಾರ್ಥನೆಯ ಹೊತ್ತಿದ್ದ ಮನೆಗಳು ಯಾರಿಗೂ ಕಾಯಲಿಲ್ಲ. ಅಜ್ಜಿಯೊಬ್ಬರು ಶುಭ ಶುಕ್ರವಾರದ ಶಿಲುಬೆಯ ಹಾದಿಯ ಹದಿನಾಲ್ಕೂ ನಿಲುಗಡೆಗಳನ್ನು ಪುಸ್ತಕವಿಲ್ಲದೆ ನಡೆಸಿಕೊಟ್ಟರು. ಆಕೆಗೆ ಓದಲು ಬರುವುದಿಲ್ಲ.

2. ಉಪವಾಸ ಮೈಗೆ ತಾಗಬೇಕು

ಧರ್ಮಸಭೆಯ ಈಗಿನ ಕಟ್ಟಳೆ ಹಗುರ. ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರಿಗೆ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ ಉಪವಾಸ. ಪರಮಪ್ರಸಾದಕ್ಕೆ ಮುಂಚಿನ ಉಪವಾಸವೂ ಹಾಗೆಯೇ ಇಳಿಯಿತು: ಹಿಂದೆ ನಡುರಾತ್ರಿಯಿಂದ ನೀರೂ ಇರಲಿಲ್ಲ, ಪೋಪ್ ಹನ್ನೆರಡನೇ ಭಕ್ತಿನಾಥರು ಅದನ್ನು ಮೂರು ಗಂಟೆಗೆ ಇಳಿಸಿದರು, 1964ರಲ್ಲಿ ಆರನೇ ಪೌಲರು ಒಂದು ಗಂಟೆಗೆ. ಶುಕ್ರವಾರ ಮಾಂಸ ಬಿಡಿ ಎಂಬ ಮಾತಿಗೂ ನಮ್ಮಲ್ಲಿ ಹೆಚ್ಚು ಅರ್ಥವಿಲ್ಲ. ಅಕ್ಕಪಕ್ಕದ ಲಿಂಗಾಯತರ ಮನೆಯಲ್ಲಿ ಮಾಂಸವೇ ಇಲ್ಲ, ನಮ್ಮ ಬಡ ಮನೆಗಳಲ್ಲಿ ಅದು ಹಬ್ಬಕ್ಕೆ ಮಾತ್ರ. ಇಲ್ಲದ್ದನ್ನು ಬಿಟ್ಟರೆ ಏನು ಬಿಟ್ಟಂತಾಯಿತು?

ಹಿರಿಯರು ಇದಕ್ಕೆ ತಾವೇ ದಾರಿ ಕಂಡುಕೊಂಡಿದ್ದರು. ತಪಸ್ಸುಕಾಲದ ಶುಕ್ರವಾರ ಒಂದೇ ಹೊತ್ತು ರೊಟ್ಟಿ, ಮೇಲೆ ಹಿಂಡಿ, ಪಲ್ಲೆ ಇಲ್ಲ. ಚಹಾ ಪೂರ್ತಿ ಬಂದ್. ಈ ಸೀಮೆಯಲ್ಲಿ ಚಹಾ ಬಿಡುವುದೇನೆಂದು ಇಲ್ಲಿಯವರಿಗೇ ಗೊತ್ತು. ಕಾಲೇಜಿಗೆ ಹೋಗುವ ಹುಡುಗರು ‘ಮನಸ್ಸಿನ ಉಪವಾಸ ಇದ್ರ ಸಾಕಲ್ರಿ ಮಾಸ್ತರ್ರಿ’ ಎನ್ನುತ್ತಾರೆ. ಸಾಲದು ಎಂದೇ ನಾನು ಹೇಳುತ್ತೇನೆ. ಹೊಟ್ಟೆಗೆ ಗೊತ್ತಾಗದ ಉಪವಾಸ ಮನಸ್ಸಿಗೂ ಬಹಳ ದಿನ ಗೊತ್ತಾಗಿ ಉಳಿದದ್ದನ್ನು ನಾನು ನೋಡಿಲ್ಲ. ಬಿಟ್ಟ ಚಹಾದ ದುಡ್ಡನ್ನು ಎತ್ತಿಟ್ಟು ಈಸ್ಟರಿಗೆ ಮುಂಚೆ ಯಾರಿಗಾದರೂ ಕೊಡಬೇಕು, ಅಲ್ಲಿಗೆ ಆ ಉಪವಾಸ ಪೂರ್ತಿಯಾಗುತ್ತದೆ.

ನೆರೆಯವರು ನಮ್ಮ ಸಿದ್ಧಾಂತ ಕೇಳುವುದಿಲ್ಲ, ನೇಮವನ್ನು ನೋಡುತ್ತಾರೆ. 2025ರಲ್ಲಿ ರಂಜಾನ್ ಮಾರ್ಚ್ 2ಕ್ಕೆ ಶುರುವಾಯಿತು, ನಮ್ಮ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು. ಆಳಂದದ ಒಂದು ಓಣಿಯಲ್ಲಿ ರೋಜಾ ಹಿಡಿದ ಮನೆಯಾಕೆ ಗೋಡೆಯಾಚೆಯಿಂದ ‘ಯಕ್ಕಾ, ನಿಮ್ಮದೂ ನಡದದೇನು?’ ಎಂದು ನಮ್ಮ ಮನೆಯಾಕೆಯನ್ನು ಕೇಳಿದ್ದು ನನ್ನ ಕಿವಿಗೇ ಬಿತ್ತು. ಶ್ರಾವಣ ಸೋಮವಾರ ಹಿಡಿಯುವ ಊರಿಗೆ ತಪಸ್ಸುಕಾಲವನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳದು.

ಹೋಳಿಯದು ಬೇರೆ ಪ್ರಶ್ನೆ. ಕಾಮನ ಹುಣ್ಣಿಮೆ ಹೆಚ್ಚಿನ ವರ್ಷ ತಪಸ್ಸುಕಾಲದ ನಡುವೆ ಬರುತ್ತದೆ. 2024ರಲ್ಲಂತೂ ಗರಿಗಳ ಭಾನುವಾರದ ಮರುದಿನವೇ ಬಣ್ಣ. ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಬೇಕೆ ಎಂದು ತಾಯಂದಿರು ಕೇಳಿದರು. ಓಣಿಯ ಗೆಳೆಯರ ಜೊತೆ ಆಡಲಿ, ಗುರುವಾರ ಸಂಜೆಯಿಂದ ಮಾತ್ರ ಮನೆ ಶಾಂತವಾಗಿರಲಿ ಎಂದೆ. ಮಗುವನ್ನು ಗೆಳೆಯರಿಂದ ಕಿತ್ತು ತಂದರೆ ಅದು ನೆನಪಿಡುವುದು ಆ ಸಿಟ್ಟನ್ನು, ಯೇಸುವಿನ ಪಾಡನ್ನಲ್ಲ.

3. ಸಂಬಂಧದ ಮಾತು ಶುರುವಾಗುವ ಮುಂಚೆ ಗುರುಗಳನ್ನು ಕೇಳಿ

ನನ್ನ ಕೆಲಸದಲ್ಲಿ ಹೆಚ್ಚು ಕಣ್ಣೀರು ಕಂಡದ್ದು ಮದುವೆಯ ವಿಷಯದಲ್ಲೇ. ನಮ್ಮ ಸೀಮೆಯಲ್ಲಿ ಸೋದರಮಾವ ಅಕ್ಕನ ಮಗಳನ್ನು ಮಾಡಿಕೊಳ್ಳುವುದು, ಅತ್ತೆಯ ಮಗನಿಗೆ ಕೊಡುವುದು ಹಳೆಯ ವಾಡಿಕೆ. ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿರುತ್ತದೆ. ಧರ್ಮಸಭೆಯ ಕಾನೂನು ಅಕ್ಕನ ಮಗಳನ್ನು ರಕ್ತಸಂಬಂಧದ ಮೂರನೇ ಮೆಟ್ಟಿಲೆಂದು, ಅತ್ತೆಯ ಅಥವಾ ಮಾವನ ಮಕ್ಕಳನ್ನು ನಾಲ್ಕನೆಯದೆಂದು ಎಣಿಸುತ್ತದೆ. ನಾಲ್ಕನೆಯದೂ ಸೇರಿ ಅಲ್ಲಿಯವರೆಗಿನ ಮದುವೆ ಊರ್ಜಿತವಲ್ಲ. ನಾಲ್ಕನೆಯದಕ್ಕೆ ತಕ್ಕ ಕಾರಣವಿದ್ದರೆ ಬಿಷಪರು ವಿನಾಯಿತಿ ಕೊಡಬಹುದು, ಮೂರನೆಯದಕ್ಕೆ ಅದು ಸಿಗುವುದು ಬಲು ಅಪರೂಪ.

ಇದನ್ನು ಬೇಗ ಹೇಳಿದ ಮನೆಗಳಲ್ಲಿ ಎಲ್ಲ ಸುಗಮವಾಗಿ ಆಗಿದೆ. ಬಟ್ಟೆ ತಂದು, ಅಡುಗೆಯವರಿಗೆ ಮುಂಗಡ ಕೊಟ್ಟ ಮೇಲೆ ಹೇಳಿದಲ್ಲಿ ಗದ್ದಲವಾಗಿದೆ. ‘ನಮ್ಮ ಮುತ್ಯಾನೂ ಹಂಗೇ ಮಾಡಿಕೊಂಡಿದ್ದ, ಅವಂದೇನು ಸಂಸಾರ ಆಗ್ಲಿಲ್ಲೇನು?’ ಎಂದು ಕೇಳುವ ಹಿರಿಯರಿಗೆ ಕಾನೂನಿನ ಸಂಖ್ಯೆ ಓದಿ ಹೇಳಿದರೆ ಉಪಯೋಗವಿಲ್ಲ. ಮನೆಗೆ ಹೋಗಿ, ಕೂತು, ರೊಟ್ಟಿ ಉಂಡು, ಸಂಬಂಧ ಬೇಡವೆಂದರೆ ಬೀಗರ ನಂಟು ಕಡಿಯಿತೆಂದಲ್ಲ ಎಂಬುದನ್ನು ನಿಧಾನಕ್ಕೆ ಹೇಳಬೇಕು. ಹತ್ತಿರದ ರಕ್ತದಲ್ಲಿ ಕೂಡಿದಾಗ ಮಕ್ಕಳಿಗೆ ಬರಬಹುದಾದ ಕಾಯಿಲೆಗಳ ಬಗ್ಗೆ ಡಾಕ್ಟರರೂ ಎಚ್ಚರಿಸುತ್ತಾರೆ. ತಾಯಂದಿರು ಮೊದಲು ಒಪ್ಪುವುದು ಈ ಮಾತಿಗೆ.

ಹೊರಗಿನ ಸಂಬಂಧವೆಂದರೆ ಹೆಚ್ಚಾಗಿ ಬೇರೆ ಮತದ್ದೇ ಆಗಿರುತ್ತದೆ. ಹುಡುಗ ಮೆಥೋಡಿಸ್ಟನಾದರೆ ಅನುಮತಿ ಬೇಕು. ದೀಕ್ಷಾಸ್ನಾನ ಪಡೆಯದವನಾದರೆ ಬಿಷಪರ ವಿನಾಯಿತಿ ಬೇಕು. ಎರಡರಲ್ಲೂ ಕಥೋಲಿಕರಾದವರು, ಮಕ್ಕಳನ್ನು ಈ ವಿಶ್ವಾಸದಲ್ಲಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಮಾತು ಕೊಡಬೇಕು, ಅದು ಇನ್ನೊಬ್ಬರಿಗೂ ತಿಳಿದಿರಬೇಕು. ಈ ಮಾತನ್ನು ಬೀಗರ ಎದುರೇ ಬಾಯಿಬಿಟ್ಟು ಆಡಿದ ಮನೆಗಳಲ್ಲಿ ಮುಂದೆ ಜಗಳವಾದದ್ದು ಕಡಿಮೆ. ಮುಚ್ಚಿಟ್ಟಲ್ಲಿ ಮೊದಲ ಮಗುವಿನ ಹೆಸರಿಡುವ ದಿನವೇ ಅದು ಹೊರಬಿದ್ದಿದೆ.

4. ಬಾಗಿಲು ತೆರೆದಿಟ್ಟು ಪ್ರಾರ್ಥಿಸಿ

2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ನಮ್ಮವರು ಹೆದರಿ ಕಿಟಕಿ ಮುಚ್ಚಿ ಜಪ ಹೇಳತೊಡಗಿದ್ದರು. ಮುಚ್ಚಿದ ಕೋಣೆಯೊಳಗೆ ಏನು ನಡೆಯುತ್ತಿದೆ ಎಂಬ ಅನುಮಾನ ಹೊರಗೆ ಬೆಳೆಯಿತು. ಪಡಸಾಲೆಯಲ್ಲಿ ಕೂತು, ಬಾಗಿಲು ತೆರೆದಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿರೆಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಕ್ರಿಸ್ಮಸ್ ಹೊತ್ತಿಗೆ ನಮ್ಮಲ್ಲಿ ತೊಗರಿ ಕೊಯ್ಲು ಇರುತ್ತದೆ, ಎಳ್ಳ ಅಮಾವಾಸ್ಯೆಯೂ ಅದರ ಆಸುಪಾಸಿಗೆ. ಅವರ ಹೊಲದ ಭಜ್ಜಿ ನಮ್ಮ ಮನೆಗೆ ಬರುವಾಗ ನಮ್ಮ ಹೋಳಿಗೆಯೂ ಅವರ ಮನೆಗೆ ಹೋಗಬೇಕು. ಅದರಲ್ಲಿ ಯಾರ ವಿಶ್ವಾಸಕ್ಕೂ ಕುಂದಿಲ್ಲ.

ಇದರ ಜೊತೆಗೇ ಕಾಗದಪತ್ರದ ಮಾತು ಬರುತ್ತದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಾದ ದಲಿತರಿಗಿಲ್ಲ. ಮತ ಬದಲಾದರೂ ಅವರ ಓಣಿ ಬದಲಾಗಲಿಲ್ಲ, ಬಾವಿ ಬದಲಾಗಲಿಲ್ಲ. ಈ ಅನ್ಯಾಯವನ್ನು ನಾವು ಜೋರಾಗಿಯೇ ಹೇಳಬೇಕು. ಆ ಸ್ಥಾನ ಉಳಿಸಿಕೊಳ್ಳಲು ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಚರ್ಚಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡ ಮನೆಯನ್ನು ವಿಶ್ವಾಸ ಸಾಲದವರೆಂದು ತೂಗುವ ಹಕ್ಕು, ಆ ಬೆಲೆ ತೆರದ ಯಾರಿಗೂ ಇಲ್ಲ. ಮಕ್ಕಳ ಹೆಸರಿನ ಬಗ್ಗೆ ನಾನು ಎಲ್ಲರ ಮುಂದೆ ಪ್ರಶ್ನೆ ಕೇಳುವುದಿಲ್ಲ.

5. ಬಸ್ಸು

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳ ಹೆಂಗಸರು ಭಾನುವಾರದ ಬಲಿಪೂಜೆಗೆ ಬರುವುದು ಹೆಚ್ಚಿದೆ. ಟಿಕೆಟ್ಟಿನ ದುಡ್ಡೇ ಅವರನ್ನು ತಡೆದಿತ್ತು. ಊರಲ್ಲಿ ಪೂಜೆಯ ಹೊತ್ತು ಗೊತ್ತುಮಾಡುವಾಗ ಬಸ್ಸಿನ ವೇಳೆ ನೋಡಿಕೊಳ್ಳಿ ಎಂದು ಗುರುಗಳಿಗೆ ಹೇಳುತ್ತಿರುತ್ತೇನೆ.

6. ಪುಣೆಗೆ ಹೋಗುವವರ ಚೀಲದಲ್ಲಿ

ದೀಕ್ಷಾಸ್ನಾನದ ಪ್ರಮಾಣಪತ್ರದ ಒಂದು ಪ್ರತಿ, ಜಪಸರ, ಅಲ್ಲಿಯ ಹತ್ತಿರದ ಚರ್ಚಿನ ವಿಳಾಸ. ಪ್ರತಿ ಭಾನುವಾರ ರಜೆ ಸಿಗದು ಎಂಬುದು ನನಗೂ ಗೊತ್ತು. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ, ಪಾಸ್ಕಕಾಲದಲ್ಲಿ ಒಮ್ಮೆಯಾದರೂ ಪರಮಪ್ರಸಾದ, ಇಷ್ಟನ್ನು ಧರ್ಮಸಭೆ ಎಲ್ಲರಿಂದಲೂ ಕೇಳುತ್ತದೆ. ಇಷ್ಟನ್ನಾದರೂ ಹಿಡಿದವರು ಊರಿಗೆ ಮರಳಿದಾಗ ಪೀಠದ ಹತ್ತಿರ ಬರಲು ಹಿಂಜರಿಯುವುದಿಲ್ಲ.

7. ನಮ್ಮ ಪರಂಪರೆ ಕನ್ನಡದಲ್ಲೇ ಇದೆ

ಈಚೆಗೆ ಓದಿದ ಹುಡುಗರು ಫೋನಿನಲ್ಲಿ ಲತೀನ್ ಬಲಿಪೂಜೆ ನೋಡಿ ಮರುಳಾಗಿದ್ದಾರೆ. ಹದಿನಾರನೇ ಬೆನೆಡಿಕ್ಟರು 2007ರಲ್ಲಿ ಅದಕ್ಕೆ ಬಾಗಿಲು ಅಗಲಿಸಿದ್ದು, ಫ್ರಾನ್ಸಿಸರು 2021ರಲ್ಲಿ ಅದನ್ನು ಬಿಗಿಗೊಳಿಸಿದ್ದು ಎಲ್ಲ ಅವರಿಗೆ ಗೊತ್ತು. ಅವರ ಹಸಿವು ನಿಜವಾದದ್ದು: ಮೌನ ಬೇಕು, ಮೊಣಕಾಲೂರುವುದು ಬೇಕು, ದೇವರ ಮುಂದೆ ಭಯಭಕ್ತಿ ಬೇಕು. ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಎರಡನೇ ವ್ಯಾಟಿಕನ್ ಸಭೆಯೇ 1963ರ ತನ್ನ ಆರಾಧನಾ ವಿಧಿಯ ಪತ್ರದಲ್ಲಿ, ಜನ ತಮ್ಮ ಪಾಲಿನ ಭಾಗಗಳನ್ನು ಲತೀನಿನಲ್ಲೂ ಹೇಳುವಂತಿರಬೇಕೆಂದಿದೆ. ಹಾಗಾಗಿ ‘ಸಾಲ್ವೆ ರೆಜೀನಾ’ ಹಾಡನ್ನು ಅವರಿಗೆ ಕಲಿಸಿದ್ದೇನೆ.

ಜೊತೆಗೆ ಅವರನ್ನು ಮುದಗಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ರಾಯಚೂರು ಜಿಲ್ಲೆಯ ಆ ಕೋಟೆಯೂರಿನಲ್ಲಿ ಗೋವೆಯಿಂದ ಬಂದ ಯೇಸುಸಭೆಯವರು ಹದಿನಾರನೇ ಶತಮಾನದಲ್ಲೇ ಗುಡಿ ಕಟ್ಟಿದ್ದರು. ಇಷ್ಟು ತಲೆಮಾರು ಆ ಜನ ವಿಶ್ವಾಸವನ್ನು ಹೊತ್ತು ತಂದದ್ದು ಇದೇ ಮಣ್ಣಿನಲ್ಲಿ, ಇದೇ ಜೋಳದ ಹೊಲಗಳ ನಡುವೆ. ಪೀಠದ ಮೇಲೆ ಲತೀನ್ ಇದ್ದ ಕಾಲದಲ್ಲೂ ಅವ್ವಂದಿರು ಮಕ್ಕಳಿಗೆ ಕನ್ನಡದಲ್ಲೇ ಪ್ರಾರ್ಥನೆ ಕಲಿಸಿದರು. ಹಳೆಯದನ್ನು ಹುಡುಕಿ ಹೊರಟ ಹುಡುಗರು ತಮ್ಮ ಆಯಿಯ ಹತ್ತಿರ ಕೂತು, ಆಕೆಗೆ ಬರುವ ಹಾಡುಗಳನ್ನು ಮೊದಲು ಬರೆದುಕೊಳ್ಳಲಿ. ಜೇವರ್ಗಿ ಕಡೆಯ ಒಬ್ಬಿಬ್ಬರು ಆ ಕೆಲಸ ಶುರುಮಾಡಿದ್ದಾರೆ.

8. ಸಾವಿನ ಮನೆ

ಮಣ್ಣು ಮಾಡುವುದು ಈ ಸೀಮೆಗೆ ಹೊಸದಲ್ಲ. ಲಿಂಗಾಯತರೂ ಹೂಳುತ್ತಾರೆ, ಮುಸಲ್ಮಾನರೂ ಹೂಳುತ್ತಾರೆ. ನಮ್ಮವರ ಗುಂಡಿ ತೋಡಲು ಅವರು ಸನಿಕೆ ಹಿಡಿದು ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ತೊಂದರೆ ಜಾಗದ್ದು. ಕ್ರೈಸ್ತರಿಗೆ ಬೇರೆ ಸ್ಮಶಾನವಿರುವ ಹಳ್ಳಿಗಳು ಕಡಿಮೆ. ಸಾವಾದ ಮೇಲೆ ಜಾಗಕ್ಕೆ ಓಡಾಡಬೇಡಿ. ಎಲ್ಲರೂ ಆರೋಗ್ಯವಾಗಿರುವಾಗಲೇ ಪಂಚಾಯಿತಿಗೆ ಅರ್ಜಿ ಕೊಟ್ಟು, ಅದರ ಸ್ವೀಕೃತಿ ತೆಗೆದಿಟ್ಟುಕೊಳ್ಳಿ. ಜಾಗವೇ ಸಿಗದೆ ಸುಡಬೇಕಾಗಿ ಬಂದರೂ ಪಾಪವೆಂದು ನರಳಬೇಕಿಲ್ಲ, 1963ರಿಂದ ಧರ್ಮಸಭೆ ಅದಕ್ಕೆ ಒಪ್ಪಿದೆ.

ನಮ್ಮ ಜನ ಗುರುಗಳಿಗೆ ಫೋನ್ ಮಾಡುವುದು ಉಸಿರು ನಿಂತ ಮೇಲೆ. ಮಣ್ಣಿನ ಪ್ರಾರ್ಥನೆಯನ್ನು ಗುರುಗಳು ಬಾರದಿದ್ದರೆ ಉಪದೇಶಿ ನಡೆಸಬಹುದು. ಪಾಪನಿವೇದನೆ ಕೇಳುವುದು, ರೋಗಿಗೆ ಎಣ್ಣೆ ಹಚ್ಚುವ ಸಂಸ್ಕಾರ ಕೊಡುವುದು ಗುರುಗಳಿಂದ ಮಾತ್ರ ಸಾಧ್ಯ, ಅದೂ ಜೀವ ಇರುವಾಗ. ಆ ಸಂಸ್ಕಾರ ಸಾಯುವವರಿಗಷ್ಟೇ ಅಲ್ಲ, ಕಾಯಿಲೆ ಬಲಿತವರಿಗೆ, ದೊಡ್ಡ ಆಪರೇಷನ್‌ಗೆ ಹೋಗುವವರಿಗೆ, ಮುಪ್ಪಿನಿಂದ ಸೊರಗಿದವರಿಗೂ ಉಂಟು. ಹೀಗಾಗಿ ಪ್ರತಿ ಮನೆಯಲ್ಲಿ ಗುರುಗಳ ಫೋನ್ ನಂಬರನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ. ಹಿರಿಯರು ಎರಡು ದಿನ ರೊಟ್ಟಿ ಮುಟ್ಟದಿದ್ದರೆ ಆ ನಂಬರಿಗೆ ಫೋನ್ ಮಾಡಿ. ಕಲಬುರಗಿಯಿಂದ ಬರಲಿಕ್ಕೆ ಹೊತ್ತು ಹಿಡಿಯುತ್ತದೆ.