ಗಾರ್ಡಣ್ಣನ ವಾಕಿಟಾಕಿ ಕಾಡಲ್ಲಿ ಹೇಗೆ ಮಾತಾಡುತ್ತೆ?



ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನಲ್ಲಿ ರಾತ್ರಿ ಹೊಲ ಕಾಯುವುದು ನಿಮಗೆಲ್ಲಾ ಗೊತ್ತು. ಹೋದ ವರ್ಷ ರಾಗಿ ತೆನೆ ಬಲಿತಾಗ ನಮ್ಮ ಚಿಕ್ಕಪ್ಪ ಅಟ್ಟಣೆ ಮೇಲಿದ್ದರು. ಆನೆ ಬಂತು. ಮನೆಗೆ ಫೋನ್ ಮಾಡಿದರೆ ಸಿಗ್ನಲ್ಲೇ ಇಲ್ಲ. ಅತ್ತ ಕಡೆ ಬಂದ ಫಾರೆಸ್ಟ್ ಗಾರ್ಡಣ್ಣ ವಾಕಿಟಾಕಿಯಲ್ಲಿ, "ಆನ ಹೊಲಕ್ಕ ಬಂದದ, ಬೇಗ ಬನ್ನಿ, ಓವರ್" ಅಂದರು. ಜೀಪು ಬಂತು. ಆನೆ ವಾಪಸ್ ಹೋಯಿತು.

"ಅದೇ ಜಾಗ, ಅದೇ ಗಾಳಿ. ಅವರ್ದು ಕೇಳ್ತು, ನಂದ್ಯಾಕ ಕೇಳ್ನಿಲ್ಲ?" ಅಂತ ಚಿಕ್ಕಪ್ಪ ಕೇಳಿದರು. ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ರೇಡಿಯೋ ಅಲೆ ಎಂದರೇನು?

ಮೊದಲನೆಯದಾಗಿ, ರೇಡಿಯೋ ಅಲೆಗೆ ಗಾಳಿ ಬೇಡ. ಗಾಳಿ ಇಲ್ಲದ ಆಕಾಶದಲ್ಲೂ ಅದು ಹೋಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸೆಕೆಂಡಿಗೆ ಎಷ್ಟು ಅಲೆ ಏಳುತ್ತವೋ ಅದೇ ಆವೃತ್ತಿ. ಸೆಕೆಂಡಿಗೆ 10 ಲಕ್ಷ ಅಲೆ ಎದ್ದರೆ 1 ಮೆಗಾಹರ್ಟ್ಸ್. ಒಂದು ಅಲೆಯ ಉದ್ದ ತರಂಗದೂರ.

ಸೂತ್ರ: ತರಂಗದೂರ (ಮೀಟರ್) = 300 ÷ ಆವೃತ್ತಿ (ಮೆಗಾಹರ್ಟ್ಸ್)

150 ಮೆಗಾಹರ್ಟ್ಸ್ ವಾಕಿಟಾಕಿ – 2 ಮೀಟರ್
900 ಮೆಗಾಹರ್ಟ್ಸ್ ಮೊಬೈಲ್ – 33 ಸೆಂಟಿಮೀಟರ್
1800 ಮೆಗಾಹರ್ಟ್ಸ್ ಮೊಬೈಲ್ – 17 ಸೆಂಟಿಮೀಟರ್
2400 ಮೆಗಾಹರ್ಟ್ಸ್ ವೈಫೈ – 12.5 ಸೆಂಟಿಮೀಟರ್

ವ್ಯತ್ಯಾಸಕ್ಕೆ ಕಾರಣಗಳು

1. ಉದ್ದ ಅಲೆ ಗುಡ್ಡ, ಮರಗಳನ್ನು ಬಳಸಿಕೊಂಡು ಸ್ವಲ್ಪ ಬಾಗುತ್ತದೆ. ಗಿಡ್ಡ ಅಲೆಯನ್ನು ಹಸಿ ಎಲೆಗಳು ಹೆಚ್ಚು ಹೀರಿಕೊಳ್ಳುತ್ತವೆ.

2. ಕೈಯಲ್ಲಿ ಹಿಡಿಯುವ ವಾಕಿಟಾಕಿ ಸಾಮಾನ್ಯವಾಗಿ 5 ವ್ಯಾಟ್‌ವರೆಗೆ ಶಕ್ತಿ ಬಿಡುತ್ತದೆ. 4ಜಿ ಫೋನ್ ಬಿಡುವುದು ಹೆಚ್ಚೆಂದರೆ 0.2 ವ್ಯಾಟ್.

3. ಇದೇ ಮುಖ್ಯ ಕಾರಣ. ಮೊಬೈಲು ಇನ್ನೊಂದು ಮೊಬೈಲಿನ ಜೊತೆ ನೇರವಾಗಿ ಮಾತಾಡುವುದಿಲ್ಲ, ಟವರ್ ಜೊತೆ ಮಾತಾಡುತ್ತದೆ. ಟವರ್ ಸಿಗದಿದ್ದರೆ ಪಕ್ಕದ ಹೊಲಕ್ಕೂ ಮಾತು ಹೋಗದು. ವಾಕಿಟಾಕಿ ಸೆಟ್ಟಿಂದ ಸೆಟ್ಟಿಗೆ ನೇರ ಹೋಗುತ್ತದೆ. ದೂರಕ್ಕೆ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ.

ಹಾಗಂತ ಮೊಬೈಲ್ ಕೀಳಲ್ಲ. ಸಾದಾ ವಾಕಿಟಾಕಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು, ಅದಕ್ಕೇ "ಓವರ್" ಅನ್ನುವುದು. 2ಜಿ ಮೊಬೈಲಿಗೆ ಎರಡು ದಾರಿ: ಫೋನಿಂದ ಟವರಿಗೆ 890–915, ಟವರಿಂದ ಫೋನಿಗೆ 935–960 ಮೆಗಾಹರ್ಟ್ಸ್. ಹಾಗಾಗಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಕಬಡ್ಡಿಗೆ ಎಲ್ಲಾ ಊರಲ್ಲೂ ಒಂದೇ ನಿಯಮ ಇರುವಂತೆ ಫೋನಿಗೂ ಎಲ್ಲಾ ಕಂಪನಿಗಳು ಒಪ್ಪಿದ ನಿಯಮ ಉಂಟು. 2ಜಿ, 4ಜಿ, 5ಜಿ ಅಂದರೆ ಅವೇ.

ನಿಮಗೆ ಗೊತ್ತೆ?

1935ರಲ್ಲಿ ನಮ್ಮ ಪಕ್ಕದ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೋ ಕೇಂದ್ರ ಶುರು ಮಾಡಿದರು. ಅದರ ಹೆಸರೇ ಆಕಾಶವಾಣಿ. ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ.

ನಾವು ಮಾಡಬೇಕಾದದ್ದು

ಕಾವಲಿಗೆ ಹೋಗುವವರು ಹಗಲಲ್ಲೇ ಹೊಲದ ಸುತ್ತ ನಡೆದು, ಎಲ್ಲಿ ಸಿಗ್ನಲ್ ಸಿಗುತ್ತದೆಂದು ನೋಡಿ ಗುರುತು ಮಾಡಿಕೊಳ್ಳಬೇಕು. ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಸಿಕ್ಕಿದರೆ ಅದರಿಂದಲೇ ಕರೆ ಹೋಗಬಹುದು. ಈಗ ಚಿಕ್ಕಪ್ಪ ಅಟ್ಟಣೆಯನ್ನು ಹೊಲದ ದಿಬ್ಬಕ್ಕೆ ಹಾಕಿದ್ದಾರೆ. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತೆ. ಅಮ್ಮ ಈಗ ಸ್ವಲ್ಪ ನಿದ್ದೆ ಮಾಡುತ್ತಾರೆ.

ಪ್ರಶ್ನೆ: ಮೈಸೂರು ಆಕಾಶವಾಣಿ ಎಫ್‌ಎಂ 100.6 ಮೆಗಾಹರ್ಟ್ಸ್. ತರಂಗದೂರ ಎಷ್ಟು? ಲೆಕ್ಕ ಮಾಡಿ ನನಗೆ ತೋರಿಸಿ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

– 7ನೇ ತರಗತಿ